ಮರಳಿ ಹೋಗಬೇಕಾದ ದಾರಿ: ದಕ್ಷಿಣ ಕೊಡಗಿನ ಕರುಳಿನ ಕ್ಯಾನ್ಸರ್ ರೋಗಿಗಳು ಮತ್ತು ಎರಡನೆಯ ಶಸ್ತ್ರಚಿಕಿತ್ಸೆಯ ಚರಿತ್ರೆ

ಪೀಠಿಕೆ

ಪ್ರಾದೇಶಿಕ ಆರೋಗ್ಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ದಾಖಲಿಸುತ್ತಾರೆ. ಮೊದಲನೆಯದು, ಆಸ್ಪತ್ರೆ ಯಾವಾಗ ಸ್ಥಾಪನೆಯಾಯಿತು ಎಂಬುದು. ಎರಡನೆಯದು, ಎಷ್ಟು ಜನ ಅಲ್ಲಿಗೆ ಬಂದರು ಎಂಬುದು. ಬಂದವರಲ್ಲಿ ಯಾರು ಮತ್ತೆ ಬರಬೇಕಾಗಿತ್ತು, ಅವರಲ್ಲಿ ಯಾರು ಬರಲಿಲ್ಲ, ಏಕೆ ಬರಲಿಲ್ಲ ಎಂಬ ಪ್ರಶ್ನೆಗಳಿಗೆ ವಾರ್ಷಿಕ ವರದಿಗಳಲ್ಲಿ ಅಂಕಣವಿರುವುದಿಲ್ಲ. ಮೊದಲ ಭೇಟಿಗೆ ಚರಿತ್ರೆಯುಂಟು, ಮರುಭೇಟಿಗೆ ಇಲ್ಲ.

ಪ್ರಸ್ತುತ ಪ್ರಬಂಧವು ಈ ಕೊರತೆಯನ್ನು ಒಂದು ನಿರ್ದಿಷ್ಟ ರೋಗ ಹಾಗೂ ಒಂದು ನಿರ್ದಿಷ್ಟ ಪ್ರದೇಶದ ಹಿನ್ನೆಲೆಯಲ್ಲಿ ಪರಿಶೀಲಿಸುತ್ತದೆ. ರೋಗ, ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್. ಪ್ರದೇಶ, ಪೊನ್ನಂಪೇಟೆಯನ್ನು ಕೇಂದ್ರವಾಗಿ ಉಳ್ಳ ದಕ್ಷಿಣ ಕೊಡಗು. ಈ ರೋಗವನ್ನು ಆರಿಸಿಕೊಳ್ಳಲು ಕಾರಣವಿದೆ. ಇದರ ಚಿಕಿತ್ಸೆ ಅನೇಕ ಸಂದರ್ಭಗಳಲ್ಲಿ ಒಂದೇ ಶಸ್ತ್ರಚಿಕಿತ್ಸೆಗೆ ಮುಗಿಯುವುದಿಲ್ಲ. ಗಡ್ಡೆಯನ್ನು ತೆಗೆದು, ಹೊಟ್ಟೆಯ ಮೇಲೆ ತಾತ್ಕಾಲಿಕವಾಗಿ ಮಲದ್ವಾರವೊಂದನ್ನು ನಿರ್ಮಿಸಿ, ಕೆಲವು ತಿಂಗಳ ಬಳಿಕ ಅದನ್ನು ಮುಚ್ಚಲು ರೋಗಿಯನ್ನು ಮತ್ತೆ ಕರೆಯಲಾಗುತ್ತದೆ. ಆ ಕರೆಗೆ ಓಗೊಡಲು ಹಳ್ಳಿಯ ರೋಗಿಗೆ ಎಷ್ಟರಮಟ್ಟಿಗೆ ಸಾಧ್ಯವಾಗಿದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಜಾನಪದ ಅಧ್ಯಯನಕಾರನಿಗೆ ಈ ವಿಷಯದಲ್ಲಿ ಏನು ಕೆಲಸ ಎಂದು ಕೇಳಬಹುದು. ಆಚರಣೆಗಳ ಕುರಿತ ಕ್ಷೇತ್ರಕಾರ್ಯದ ನಡುವೆಯೇ ಈ ಪ್ರಶ್ನೆ ನನ್ನ ಎದುರು ಬಂದಿತು. ಹಬ್ಬದ ದಿನ ಐನ್‌ಮನೆಯ ನಡುಮನೆಗೆ ಬಾರದೆ ಹೊರ ಜಗುಲಿಯಲ್ಲಿ ಕುಳಿತಿದ್ದವರೊಬ್ಬರನ್ನು ಕಂಡು ಕಾರಣ ವಿಚಾರಿಸಿದಾಗ ದೊರೆತ ಉತ್ತರವೇ ಈ ಬರಹದ ಮೂಲ.

ಕರುಳು: ನುಡಿ ಮತ್ತು ಮೌನ

ಕನ್ನಡದಲ್ಲಿ ಕರುಳು ಎಂಬುದು ಕೇವಲ ಅವಯವದ ಹೆಸರಲ್ಲ. ಕರುಳ ಬಳ್ಳಿ, ಕರುಳ ಕುಡಿ, ಕರುಳಿನ ಕರೆ, ಕರುಳು ಚುರುಕ್ಕೆನ್ನುವುದು, ಕರುಳು ಕಿತ್ತು ಬರುವುದು ಮೊದಲಾದ ನುಡಿಗಟ್ಟುಗಳು ವಾತ್ಸಲ್ಯ, ವಂಶ ಮತ್ತು ಕನಿಕರಗಳನ್ನು ದೇಹದ ಈ ಭಾಗದಲ್ಲಿ ನೆಲೆಗೊಳಿಸಿವೆ. ಆದರೆ ಅದೇ ಕರುಳಿಗೆ ರೋಗ ಬಂದಾಗ ನುಡಿ ನಿಂತುಹೋಗುತ್ತದೆ. ಮಲದಲ್ಲಿ ರಕ್ತ ಕಾಣಿಸಿಕೊಂಡರೆ ಅದನ್ನು ಮನೆಯವರಿಗೂ ಹೇಳಿಕೊಳ್ಳಲು ಹಿಂಜರಿಕೆ. ಹೇಳಿಕೊಂಡರೂ ಅದಕ್ಕೆ ಸಿದ್ಧವಾಗಿರುವ ಹೆಸರು ಒಂದೇ: ಮೂಲವ್ಯಾಧಿ. ಕರ್ನಾಟಕದ ಯಾವುದೇ ಸಣ್ಣ ಪಟ್ಟಣದ ಬಸ್ ನಿಲ್ದಾಣದ ಗೋಡೆಗಳಲ್ಲಿ ಮೂಲವ್ಯಾಧಿಯನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಗುಣಪಡಿಸುವ ಫಲಕಗಳನ್ನು ಕಾಣಬಹುದು. ಗುದನಾಳದ ಕ್ಯಾನ್ಸರ್‌ನ ಮೊದಲ ಲಕ್ಷಣವೂ ಅದೇ ರಕ್ತಸ್ರಾವವಾಗಿರುವುದರಿಂದ ಎಷ್ಟೋ ರೋಗಿಗಳ ಮೊದಲ ತಿಂಗಳುಗಳು ಈ ಹೆಸರಿನ ಅಡಿಯಲ್ಲಿ ಕಳೆದುಹೋಗುತ್ತವೆ.

ಕೊಡಗಿನ ಜಾನಪದ ವೈದ್ಯದಲ್ಲಿ ಹೊಟ್ಟೆಗೆ ಸಂಬಂಧಿಸಿದ ಜ್ಞಾನ ಕಡಿಮೆಯೇನಲ್ಲ. ಕಕ್ಕಡ ಮಾಸದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ರಸದಿಂದ ಪಾಯಸ ಮಾಡಿ ಉಣ್ಣುವ ಪದ್ಧತಿ ಇಂದಿಗೂ ಉಳಿದಿದೆ. ಆ ದಿನದ ವೇಳೆಗೆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಗುಣಗಳು ಸೇರುತ್ತವೆ ಎಂಬುದು ಜನರ ನಂಬಿಕೆ. ದೇಹವನ್ನು ಋತುವಿಗೆ ಒಗ್ಗಿಸುವ, ಕಾಪಾಡುವ ಈ ಜ್ಞಾನ ಮಹತ್ವದ್ದೇ. ಆದರೆ ಗಡ್ಡೆಯಾಗಿ ಬೆಳೆಯುವ ರೋಗದ ಮುಂದೆ ಅದಕ್ಕೆ ಮಿತಿಯುಂಟು ಎಂಬುದನ್ನು ನಾಟಿವೈದ್ಯರಲ್ಲಿ ವಿವೇಕಿಗಳಾದವರು ತಾವೇ ಒಪ್ಪುತ್ತಾರೆ.

ಹರಕೆಯ ವಸ್ತುಗಳಲ್ಲಿಯೂ ಇದೇ ಮೌನ ಕಾಣುತ್ತದೆ. ಕಣ್ಣು, ಕೈ, ಕಾಲುಗಳ ಬೆಳ್ಳಿಯ ಪ್ರತಿಮೆಗಳನ್ನು ದೇವರಿಗೆ ಒಪ್ಪಿಸುವುದು ನಾಡಿನ ಅನೇಕ ಕ್ಷೇತ್ರಗಳಲ್ಲಿ ರೂಢಿಯಲ್ಲಿದೆ. ಕರುಳಿಗೆ ಅಂಥ ಪ್ರತಿಮೆಯನ್ನು ನಾನು ಎಲ್ಲಿಯೂ ಕಂಡಿಲ್ಲ. ನಾಡೀಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಕೊಡವರ ಹಬ್ಬ, ಮದುವೆ, ಮರಣಗಳ ಹಾಡುಗಳನ್ನು ಕಾಪಾಡಿಕೊಟ್ಟ ಮಹತ್ವದ ಕೃತಿ. ಅಂಥ ಸಂಪ್ರದಾಯಗಳಲ್ಲಿ ಹುಟ್ಟಿಗೆ, ಸಾವಿಗೆ ವಿಧಿಗಳುಂಟು. ರೋಗದಿಂದ ಬದುಕಿ ಉಳಿದೂ ದೇಹ ಮೊದಲಿನಂತಾಗದೆ ಕಾಯುತ್ತಿರುವವರ ಸ್ಥಿತಿಗೆ ವಿಧಿಯಿಲ್ಲ. ಇದು ಹೊಸ ಸ್ಥಿತಿ. ಹೇಗೆ ಹೊಸದು ಎಂಬುದನ್ನು ತಿಳಿಯಲು ವೈದ್ಯಚರಿತ್ರೆಯ ಕಡೆಗೆ ತಿರುಗಬೇಕು.

ಎರಡು ಹಂತದ ಶಸ್ತ್ರಚಿಕಿತ್ಸೆ

ಕರುಳನ್ನು ತೆರೆದು ಹೊಲಿಯುವ ಪ್ರಯತ್ನ ಪ್ರಾಚೀನವಾದುದು. ಸುಶ್ರುತಸಂಹಿತೆಯಲ್ಲಿ ಬದ್ಧಗುದೋದರದ ಚಿಕಿತ್ಸೆಯಾಗಿ ಹೊಟ್ಟೆಯನ್ನು ಸೀಳಿ ತಡೆಯನ್ನು ನಿವಾರಿಸುವ, ಕರುಳಿನ ಛಿದ್ರವನ್ನು ಕಪ್ಪು ಇರುವೆಗಳಿಂದ ಕಚ್ಚಿಸಿ ಬೆಸೆಯುವ ವಿವರಣೆಯಿದೆ. ಯೂರೋಪಿನಲ್ಲಿ 1793ರಲ್ಲಿ ಫ್ರಾನ್ಸಿನ ಬ್ರೆಸ್ಟ್ ನಗರದ ಡ್ಯೂರೆ ಎಂಬ ವೈದ್ಯನು ಹುಟ್ಟಿನಿಂದಲೇ ಮಲದ್ವಾರವಿಲ್ಲದ ಶಿಶುವಿನ ಹೊಟ್ಟೆಯ ಮೇಲೆ ದ್ವಾರ ನಿರ್ಮಿಸಿ ಅದನ್ನು ಬದುಕಿಸಿದನು.

ಗುದನಾಳದ ಕ್ಯಾನ್ಸರ್‌ಗೆ ವ್ಯವಸ್ಥಿತ ಶಸ್ತ್ರಚಿಕಿತ್ಸೆ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಲಂಡನ್ನಿನ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಗುದನಾಳವನ್ನು ಸಂಪೂರ್ಣವಾಗಿ ತೆಗೆದುಹಾಕಿ ಹೊಟ್ಟೆಯ ಮೇಲೆ ಶಾಶ್ವತ ದ್ವಾರ ಇಡಲಾಗುತ್ತಿತ್ತು. ಫ್ರಾನ್ಸಿನ ಹೆನ್ರಿ ಹಾರ್ಟ್‌ಮನ್ 1921ರಲ್ಲಿ ಮತ್ತೊಂದು ವಿಧಾನವನ್ನು ವಿವರಿಸಿದನು. 1970ರ ದಶಕದಿಂದ ಕರುಳನ್ನು ಯಂತ್ರದಿಂದ ಜೋಡಿಸುವ ಸ್ಟೇಪ್ಲರ್‌ಗಳು ಬಳಕೆಗೆ ಬಂದವು. 1982ರಲ್ಲಿ ಇಂಗ್ಲೆಂಡಿನ ಬಿಲ್ ಹೀಲ್ಡ್ ಗುದನಾಳದ ಸುತ್ತಲಿನ ಕೊಬ್ಬಿನ ಪೊರೆಯನ್ನು ಇಡಿಯಾಗಿ ಬಿಡಿಸುವ ಕ್ರಮವನ್ನು ಪ್ರಚುರಪಡಿಸಿದನು. ಇವುಗಳ ಫಲವಾಗಿ ಬಹಳ ಕೆಳಭಾಗದ ಗಡ್ಡೆಯನ್ನೂ ತೆಗೆದು ಸ್ವಾಭಾವಿಕ ದ್ವಾರವನ್ನು ಉಳಿಸುವುದು ಸಾಧ್ಯವಾಯಿತು. ಆದರೆ ಅಷ್ಟು ಕೆಳಗಿನ ಜೋಡಣೆ ಸೋರುವ ಅಪಾಯವಿರುವುದರಿಂದ, ಅದು ಮಾಯುವವರೆಗೆ ಸಣ್ಣ ಕರುಳಿನ ಒಂದು ಸುತ್ತನ್ನು ಹೊಟ್ಟೆಯ ಮೇಲೆ ತಂದು ಮಲವನ್ನು ಚೀಲಕ್ಕೆ ಹರಿಸುವ ಪದ್ಧತಿ ಬೆಳೆಯಿತು. ಸಾಮಾನ್ಯವಾಗಿ ಎರಡು ಮೂರು ತಿಂಗಳ ಬಳಿಕ, ಕಿಮೊಥೆರಪಿ ಇದ್ದರೆ ಅದು ಮುಗಿದ ಮೇಲೆ, ಜೋಡಣೆಯನ್ನು ಪರೀಕ್ಷಿಸಿ ಈ ದ್ವಾರವನ್ನು ಮುಚ್ಚಬೇಕು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮೈಲ್ಸ್‌ನ ಕಾಲದ ರೋಗಿ ಒಮ್ಮೆ ಆಸ್ಪತ್ರೆಗೆ ಹೋಗಿ ಬಂದರೆ ಅವನ ಶಸ್ತ್ರಚಿಕಿತ್ಸೆ ಮುಗಿದಂತೆ. ದೇಹವನ್ನು ಹೆಚ್ಚು ಉಳಿಸಿಕೊಡುವ ಹೊಸ ತಂತ್ರವು ಮರಳಿ ಬರುವ ಹೊಣೆಯನ್ನೂ ರೋಗಿಯ ಮೇಲೆ ಹೊರಿಸಿತು. ಆಸ್ಪತ್ರೆಯ ಪಕ್ಕದ ಬೀದಿಯಲ್ಲಿರುವವನಿಗೆ ಇದು ಹೊರೆಯಲ್ಲ. ನೂರು, ಇನ್ನೂರು ಕಿಲೋಮೀಟರ್ ದೂರದವನಿಗೆ ಅದು ಬೇರೆಯೇ ಲೆಕ್ಕ. ವಿವಿಧ ದೇಶಗಳ ವೈದ್ಯಕೀಯ ಸಾಹಿತ್ಯದಲ್ಲಿ ಇಂಥ ತಾತ್ಕಾಲಿಕ ದ್ವಾರಗಳಲ್ಲಿ ಸುಮಾರು ಐದರಲ್ಲಿ ಒಂದು ಎಂದೂ ಮುಚ್ಚಲ್ಪಡುವುದಿಲ್ಲ ಎಂದು ಮತ್ತೆ ಮತ್ತೆ ವರದಿಯಾಗಿದೆ. ರೋಗ ಮರುಕಳಿಸುವುದು, ಜೋಡಣೆ ಸೋರುವುದು, ವೃದ್ಧಾಪ್ಯ ಇವು ವೈದ್ಯಕೀಯ ಕಾರಣಗಳು. ದೂರ, ಹಣ, ಮರೆವುಗಳು ಈ ಪಟ್ಟಿಗೆ ಹಳ್ಳಿಗಾಡು ಸೇರಿಸುವ ಕಾರಣಗಳು.

ಮರುಭೇಟಿಯ ಮಹತ್ವ ದ್ವಾರವನ್ನು ಮುಚ್ಚುವುದಕ್ಕಷ್ಟೇ ಸೀಮಿತವಲ್ಲ. ಕರುಳಿನ ಕ್ಯಾನ್ಸರ್ ಮರುಕಳಿಸುವುದಾದರೆ ಬಹುಪಾಲು ಮೊದಲ ಮೂರು ವರ್ಷಗಳಲ್ಲಿ ಮರುಕಳಿಸುತ್ತದೆ. ಯಕೃತ್ತಿಗೆ ಅಥವಾ ಶ್ವಾಸಕೋಶಕ್ಕೆ ಮಿತವಾಗಿ ಹರಡಿದ್ದರೆ ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ರೋಗಿಯನ್ನು ಉಳಿಸುವ ಅವಕಾಶವಿರುತ್ತದೆ. ಹೀಗಾಗಿ ಕೆಲವು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಕಾಲಕಾಲಕ್ಕೆ ಸ್ಕ್ಯಾನ್ ಮತ್ತು ಕೊಲೊನೋಸ್ಕೋಪಿಗಳನ್ನು ಐದು ವರ್ಷಗಳವರೆಗೆ ಸೂಚಿಸುತ್ತಾರೆ. ಈ ಅವಧಿಯಲ್ಲಿ ದಾರಿ ತಪ್ಪಿದವನಿಗೆ ಕೇವಲ ಅನುಕೂಲವಲ್ಲ, ಪ್ರಾಣವೇ ತಪ್ಪಬಹುದು.

ಕಿಗ್ಗಟ್‌ನಾಡಿನಿಂದ ಹೊರಡುವ ದಾರಿಗಳು

ಪೊನ್ನಂಪೇಟೆಯು ಬ್ರಿಟಿಷ್ ಕಾಲದ ಕಿಗ್ಗಟ್‌ನಾಡು ತಾಲ್ಲೂಕಿನ ಭಾಗ. ಮುಂದೆ ವಿರಾಜಪೇಟೆ ತಾಲ್ಲೂಕಿನಲ್ಲಿ ಸೇರಿದ್ದ ಈ ಪ್ರದೇಶ 2019ರ ತೀರ್ಮಾನದ ನಂತರ ಮತ್ತೆ ಪ್ರತ್ಯೇಕ ತಾಲ್ಲೂಕಾಯಿತು. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ನಂತರ ಇಲ್ಲಿನ ದಾರಿಗಳು ಮುಖ್ಯವಾಗಿ ಕಾಫಿ ಮತ್ತು ಕರಿಮೆಣಸಿಗಾಗಿ ರೂಪುಗೊಂಡವು. ಪೆರುಂಬಾಡಿ ಘಟ್ಟದ ಮೂಲಕ ಮಲಬಾರಿನ ತಲಶ್ಶೇರಿಗೆ ಇಳಿಯುವ ದಾರಿ, ತಿತಿಮತಿ, ಹುಣಸೂರುಗಳ ಮೂಲಕ ಮೈಸೂರಿಗೆ ಹೋಗುವ ದಾರಿ, ಕುಟ್ಟದಿಂದ ವಯನಾಡಿಗೆ ಹೋಗುವ ದಾರಿ, ಮಡಿಕೇರಿಯ ಮೂಲಕ ಮಂಗಳೂರಿನ ದಾರಿ. ಹೊರೆ ಸಾಗಿಸಿದ ಈ ದಾರಿಗಳಲ್ಲೇ ಇಂದು ರೋಗಿಗಳು ಸಾಗುತ್ತಾರೆ.

ವೈದ್ಯಸೇವೆ ಸ್ಥಳೀಯವಾಗಿ ಇರಲೇ ಇಲ್ಲವೆಂದಲ್ಲ. ಪೊನ್ನಂಪೇಟೆಯಲ್ಲಿ 1927ರಲ್ಲಿ ಆರಂಭವಾದ ರಾಮಕೃಷ್ಣ ಶಾರದಾಶ್ರಮವು ಆಸ್ಪತ್ರೆಯನ್ನು ನಡೆಸಿಕೊಂಡು ಬಂದು ಸುತ್ತಲಿನ ಬಡವರಿಗೆ, ಹಾಡಿಗಳ ಜನರಿಗೆ ನೆರವಾಗಿದೆ. ಅಮ್ಮತ್ತಿ, ಗೋಣಿಕೊಪ್ಪಲು, ವಿರಾಜಪೇಟೆಗಳಲ್ಲಿ ಆಸ್ಪತ್ರೆಗಳಿವೆ. 2016ರಲ್ಲಿ ಮಡಿಕೇರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಆದರೆ ಗುದನಾಳದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ವಿಕಿರಣ ಈ ಮೂರೂ ಒಂದಕ್ಕೊಂದು ಹೊಂದಿಕೊಂಡು ನಡೆಯಬೇಕಾಗುತ್ತದೆ. ವಿಕಿರಣ ಚಿಕಿತ್ಸೆಯೊಂದೇ ಅನೇಕ ಸಂದರ್ಭಗಳಲ್ಲಿ ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ನಡೆಯುತ್ತದೆ. ಇದಕ್ಕಾಗಿ ಕೊಡಗಿನ ರೋಗಿ ಮೈಸೂರು, ಮಂಗಳೂರು, ಮಣಿಪಾಲ, ಬೆಂಗಳೂರು ಅಥವಾ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಕಡೆಗೆ ಹೊರಡುವುದು ರೂಢಿ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಸ್ಥಾಪನೆಯಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಕರ್ನಾಟಕದ ಬಡ ಕ್ಯಾನ್ಸರ್ ರೋಗಿಯ ಪಾಲಿಗೆ ‘ಕಿದ್ವಾಯಿಗೆ ಹೋಗುವುದು’ ಎಂಬ ಮಾತು ರೋಗದ ಹೆಸರಿಗೇ ಪರ್ಯಾಯವಾಗಿದೆ. ಕ್ಯಾನ್ಸರ್ ಎಂಬ ಪದವನ್ನು ಉಚ್ಚರಿಸದ ಮನೆಗಳಲ್ಲಿಯೂ ಈ ಮಾತು ಕೇಳಿಬರುತ್ತದೆ. ಪೊನ್ನಂಪೇಟೆಯಿಂದ ಮೈಸೂರು ಸುಮಾರು ನೂರು ಕಿಲೋಮೀಟರ್; ಬೆಂಗಳೂರು ಅದರ ಎರಡು ಪಟ್ಟಿಗೂ ಹೆಚ್ಚು. ಭಾರತೀಯ ರೈಲ್ವೆಯು ಕ್ಯಾನ್ಸರ್ ರೋಗಿಗೂ ಜತೆಗಾರನಿಗೂ ಚಿಕಿತ್ಸೆಗೆ ಮಾತ್ರವಲ್ಲದೆ ಆವರ್ತಕ ತಪಾಸಣೆಗೂ ಪ್ರಯಾಣ ರಿಯಾಯಿತಿ ನೀಡುತ್ತದೆ. ಮರುಭೇಟಿಯ ಅಗತ್ಯವನ್ನು ಗುರುತಿಸಿದ ಅಪರೂಪದ ನಿಯಮವಿದು. ಆದರೆ ಕೊಡಗು ಜಿಲ್ಲೆಯಲ್ಲಿ ರೈಲುಮಾರ್ಗವೇ ಇಲ್ಲ. ಆ ರಿಯಾಯಿತಿ ಮೈಸೂರಿನಲ್ಲಿ ಆರಂಭವಾಗುತ್ತದೆ. ದಾರಿಯ ಕಷ್ಟದ ಭಾಗ ಅದಕ್ಕೆ ಮೊದಲೇ ಮುಗಿದಿರುತ್ತದೆ.

ಜಿಲ್ಲೆಯಲ್ಲಿ ಸುಸಜ್ಜಿತ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂಬ ಕೂಗು 2019ರ ಜೂನ್‌ನಲ್ಲಿ ಸಾಮಾಜಿಕ ಮಾಧ್ಯಮಗಳ ಮೂಲಕ ರಾಜ್ಯದ ಗಮನ ಸೆಳೆಯಿತು. ಅದು ನ್ಯಾಯವಾದ ಬೇಡಿಕೆ. ಆದರೆ ಆ ಕೂಗು ಅಪಘಾತ, ಹೃದಯಾಘಾತಗಳಂಥ ತುರ್ತು ಸ್ಥಿತಿಯ ಸುತ್ತ ಮೂಡಿತು. ಚೀಲ ಹೊತ್ತು ಕಾಯುವ ರೋಗಿಯದು ತುರ್ತು ಅಲ್ಲದ ಸಂಕಟ. ಅದಕ್ಕೆ ಘೋಷಣೆ ಹುಟ್ಟುವುದು ಕಷ್ಟ.

ಹಣದ ದಾರಿ

ಕರ್ನಾಟಕದ ಹಳ್ಳಿಗರಿಗೆ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಭರಿಸುವ ಯೋಜನೆಗಳ ಚರಿತ್ರೆ 2003ರಲ್ಲಿ ಆರಂಭವಾದ ಯಶಸ್ವಿನಿಯಿಂದ ಮುಖ್ಯವಾಗಿ ತೊಡಗುತ್ತದೆ. ಸಹಕಾರ ಸಂಘಗಳ ರೈತ ಸದಸ್ಯರು ಮೊದಲ ವರ್ಷ ಅರವತ್ತು ರೂಪಾಯಿಯ ವಂತಿಗೆ ನೀಡಿ ಇದರ ಪ್ರಯೋಜನ ಪಡೆದರು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಕ್ಯಾನ್ಸರ್ ಸೇರಿದಂತೆ ಗಂಭೀರ ರೋಗಗಳ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸಲು ಗುಲಬರ್ಗಾ ವಿಭಾಗದಲ್ಲಿ ಆರಂಭವಾಗಿ ಕ್ರಮೇಣ ರಾಜ್ಯವ್ಯಾಪಿಯಾಯಿತು. ಯೋಜನೆ ಜಾರಿಯಾಗಿದ್ದ ಮತ್ತು ಆಗದಿದ್ದ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವು, ಯೋಜನೆಯ ವ್ಯಾಪ್ತಿಯ ರೋಗಗಳಿಂದ ಬಡವರ ಸಾವು ಗಣನೀಯವಾಗಿ ಕಡಿಮೆಯಾದುದನ್ನು ತೋರಿಸಿತು. 2018ರಲ್ಲಿ ಹಲವು ಯೋಜನೆಗಳು ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, ಅದೇ ವರ್ಷ ಆಯುಷ್ಮಾನ್ ಭಾರತದೊಂದಿಗೆ ಸೇರಿದವು. ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಚಿಕಿತ್ಸೆ. ಇತರರಿಗೆ ನಿಗದಿತ ದರದ ಶೇಕಡ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಯಶಸ್ವಿನಿ 2018ರಲ್ಲಿ ನಿಂತು 2022-23ರಲ್ಲಿ ಮತ್ತೆ ಆರಂಭವಾಯಿತು.

ಈ ಯೋಜನೆಗಳಿಂದ ಸಾವಿರಾರು ಜನ ಬದುಕಿದ್ದಾರೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅವುಗಳ ರಚನೆ ರೋಗಿಯ ಸುತ್ತ ಹೆಣೆದುದಲ್ಲ, ಶಸ್ತ್ರಚಿಕಿತ್ಸೆಯ ಸುತ್ತ ಹೆಣೆದುದು. ದ್ವಾರವನ್ನು ಮುಚ್ಚುವುದು ದರಪಟ್ಟಿಯಲ್ಲಿ ಪ್ರತ್ಯೇಕ ವಿಧಾನ. ಅದಕ್ಕೆ ಮತ್ತೊಮ್ಮೆ ಅನುಮೋದನೆ ಬೇಕು. ಖಾಸಗಿ ಆಸ್ಪತ್ರೆಯಾದರೆ ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯಿಂದ ಹೊಸ ಶಿಫಾರಸು ಪತ್ರ ಬೇಕು. ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಎರಡನೆಯದು ಅಡಕವಾಗಿದೆ ಎಂಬ ವೈದ್ಯಕೀಯ ಸತ್ಯವನ್ನು ಕಡತ ಒಪ್ಪುವುದಿಲ್ಲ. ಬಸ್ಸಿನ ಹಣ, ಜತೆಗಾರನ ಕಳೆದುಹೋದ ಕೂಲಿ, ಪಟ್ಟಣದ ವಸತಿ, ಕೆಲವು ದಿನಗಳಿಗೊಮ್ಮೆ ಬದಲಿಸಬೇಕಾದ ಚೀಲಗಳ ಬೆಲೆ ಬಹುಮಟ್ಟಿಗೆ ರೋಗಿಯದೇ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಪಟ್ಟಿ ಮಾಡಿದ 21 ವಿಕಲತೆಗಳಲ್ಲಿ ಈ ಸ್ಥಿತಿಯ ಹೆಸರಿಲ್ಲ. ಸಣ್ಣ ಕಾಫಿ ಬೆಳೆಗಾರನು ಪಡಿತರ ಚೀಟಿಯ ಲೆಕ್ಕದಲ್ಲಿ ಬಡವನಲ್ಲ, ಕೈಯಲ್ಲಿ ಹಣವಿರುವ ಲೆಕ್ಕದಲ್ಲಿ ಸಿರಿವಂತನೂ ಅಲ್ಲ. ತೋಟದಿಂದ ತೋಟಕ್ಕೆ ಹೋಗುವ ಲೈನ್‌ಮನೆಯ ಕಾರ್ಮಿಕನಿಗೆ ಎಷ್ಟೋ ವೇಳೆ ಚೀಟಿಯೇ ಇರುವುದಿಲ್ಲ.

ಒಂದು ಮನೆಯ ಕಾಲಗಣನೆ

ಪೀಠಿಕೆಯಲ್ಲಿ ಹೇಳಿದ, ಹೊರ ಜಗುಲಿಯಲ್ಲಿ ಕುಳಿತಿದ್ದ ವ್ಯಕ್ತಿ ನನ್ನ ಹತ್ತಿರದ ಬಂಧು. ಪೊನ್ನಂಪೇಟೆಯ ಸಮೀಪದ ಗ್ರಾಮದ ಸಣ್ಣ ಬೆಳೆಗಾರರು. ಎಂಟು ತಿಂಗಳು ಮೂಲವ್ಯಾಧಿಯೆಂದು ಔಷಧ ತೆಗೆದುಕೊಂಡ ನಂತರ 2018ರ ಫೆಬ್ರವರಿಯಲ್ಲಿ ಹೊರಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಯಶಸ್ವಿನಿಯ ಅಡಿಯಲ್ಲಿ ಅವರ ಕರುಳಿನ ಭಾಗವನ್ನು ತೆಗೆಯಲಾಯಿತು. ಬಲ ಹೊಟ್ಟೆಯ ಮೇಲೆ ಚೀಲ ಬಂದಿತು. ಕಿಮೊಥೆರಪಿಯ ಖರ್ಚನ್ನು ಕೈಯಿಂದಲೇ ಭರಿಸಿದರು. ಅದು ಮುಗಿದ ಮೇಲೆ, ಅಕ್ಟೋಬರ್ ಹೊತ್ತಿಗೆ, ಮುಚ್ಚಿಸಿಕೊಳ್ಳಲು ಬರಬೇಕೆಂದು ಬಿಡುಗಡೆ ಪತ್ರದಲ್ಲಿ ಒಂದು ಸಾಲಿತ್ತು. ಪತ್ರ ಇಂಗ್ಲಿಷಿನಲ್ಲಿತ್ತು.

ಅಕ್ಟೋಬರ್ ವೇಳೆಗೆ ಯಶಸ್ವಿನಿ ನಿಂತುಹೋಗಿತ್ತು. ಹೊಸ ಯೋಜನೆಯಲ್ಲಿ ಅವರದು ಬಡ ಕುಟುಂಬವಲ್ಲ. ಆ ವರ್ಷದ ಮಹಾಮಳೆಯಲ್ಲಿ ಕಾಫಿ ಉದುರಿ ಕೈಯಲ್ಲಿ ಹಣವಿರಲಿಲ್ಲ. ಕೊಯ್ಲು ಮುಗಿಯಲಿ ಎಂದರು. 2019ರ ಏಪ್ರಿಲಿನಲ್ಲಿ ಹೋದಾಗ ಮೊದಲು ನೋಡಿದ ವೈದ್ಯರು ಅಲ್ಲಿರಲಿಲ್ಲ. ಹಳೆಯ ಪರೀಕ್ಷೆಗಳಿಗೆ ಕಾಲ ಮೀರಿತ್ತು. ಹೊಸದಾಗಿ ಎಲ್ಲವನ್ನೂ ಮಾಡಿಸಬೇಕೆಂದು ಹೇಳಲಾಯಿತು. ಅಷ್ಟರಲ್ಲಿ ಮತ್ತೊಂದು ಮಳೆಗಾಲ. ಕೊನೆಗೆ ದ್ವಾರ ಮುಚ್ಚಿದ್ದು 2019ರ ನವೆಂಬರಿನಲ್ಲಿ. ಮೊದಲ ಶಸ್ತ್ರಚಿಕಿತ್ಸೆಯಾಗಿ ಇಪ್ಪತ್ತೊಂದು ತಿಂಗಳಾಗಿತ್ತು.

ಈ ಅವಧಿಯನ್ನು ಅವರು ತಿಂಗಳುಗಳಲ್ಲಿ ಹೇಳುವುದಿಲ್ಲ. ಎರಡು ಕೈಲ್‌ಪೊಳ್ದ್, ಒಂದು ಪುತ್ತರಿ ಎನ್ನುತ್ತಾರೆ. ಆ ಹಬ್ಬಗಳಲ್ಲಿ ಅವರು ನೆಲ್ಲಕ್ಕಿ ನಡುಬಾಡೆಗೆ ಬರಲಿಲ್ಲ, ಕೈಮಡದ ಹತ್ತಿರ ಹೋಗಲಿಲ್ಲ, ಕದಿರು ತೆಗೆಯಲು ಗದ್ದೆಗೆ ಇಳಿಯಲಿಲ್ಲ. ಯಾರೂ ತಡೆದಿರಲಿಲ್ಲ. ಮೈಮೇಲೆ ಮಲದ ಚೀಲವಿರುವಾಗ ಕಾರಣರ ಎದುರು ನಿಲ್ಲುವುದು ಹೇಗೆ ಎಂಬುದು ಅವರದೇ ಪ್ರಶ್ನೆ. ಮದುವೆಗಳಿಗೆ ಹೋದರೂ ಊಟ ಮಾಡುತ್ತಿರಲಿಲ್ಲ. ವೈದ್ಯನ ದೃಷ್ಟಿಯಲ್ಲಿ ಅದು ಸ್ಥಿರವಾದ, ಅಪಾಯವಿಲ್ಲದ ಕಾಯುವಿಕೆ. ಸಮುದಾಯದ ಪಂಚಾಂಗದಲ್ಲಿ ಅದು ಹೊರಗುಳಿದ ಕಾಲ. 2019ರ ಡಿಸೆಂಬರಿನ ಪುತ್ತರಿಗೆ ಅವರು ಗದ್ದೆಗೆ ಇಳಿದರು.

ಇವರಿಗೆ ಐನ್‌ಮನೆಯಿತ್ತು, ಬಂಧುಗಳಿದ್ದರು, ಪತ್ರವನ್ನು ಓದಿ ಹೇಳುವವರಿದ್ದರು. ಆಚರಣೆಯ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳಲು ಹೋಗಿದ್ದಾಗ ಲೈನ್‌ಮನೆಯೊಂದರಲ್ಲಿ ನಾನು ಭೇಟಿಯಾದ ಯರವ ಮಹಿಳೆಗೆ ಇವು ಯಾವುವೂ ಇರಲಿಲ್ಲ. ಚೀಲ ದೊರೆಯದ ದಿನಗಳಲ್ಲಿ ಬಟ್ಟೆ, ಪ್ಲಾಸ್ಟಿಕ್ ಕವರುಗಳನ್ನು ಕಟ್ಟಿಕೊಳ್ಳುತ್ತಿದ್ದರು. ಶೌಚಾಲಯ ಹಲವು ಮನೆಗಳಿಗೆ ಒಂದೇ. ಮುಚ್ಚಿಸಿಕೊಳ್ಳಬಹುದೆಂಬ ಸಂಗತಿಯೇ ಅವರಿಗೆ ತಿಳಿದಿರಲಿಲ್ಲ. ಇದೇ ತನ್ನ ಉಳಿದ ಬದುಕು ಎಂದು ಭಾವಿಸಿದ್ದರು. ಆಸ್ಪತ್ರೆಯ ಕಾಗದ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವಾಗ ನೆನೆದು ಹಾಳಾಗಿತ್ತು. ಮತ್ತೊಮ್ಮೆ ಅಲ್ಲಿಗೆ ಹೋದಾಗ ಅವರು ಆ ತೋಟದಲ್ಲಿರಲಿಲ್ಲ. ಎಲ್ಲಿ ಹೋದರೆಂದು ಹೇಳುವವರೂ ಇರಲಿಲ್ಲ.

ಮಳೆ ಮತ್ತು ಗಡಿ

ದಾರಿ ಇರುವುದೊಂದೇ ಸಾಲದು. ಕರೆ ಬಂದ ದಿನ ಅದು ತೆರೆದಿರಬೇಕು. 2018ರ ಮಳೆಗಾಲದಲ್ಲಿ ಮಾಕುಟ್ಟದ ಬಳಿ ಗುಡ್ಡ ಕುಸಿದು ವಿರಾಜಪೇಟೆ–ಕೇರಳ ಮಾರ್ಗ ಬಂದ್ ಆಯಿತು. ಅದೇ ಆಗಸ್ಟಿನಲ್ಲಿ ಜೋಡುಪಾಲದ ಕಡೆಯ ಕುಸಿತದಿಂದ ಮಡಿಕೇರಿ–ಮಂಗಳೂರು ದಾರಿ ಕಡಿದುಹೋಯಿತು. 2019ರ ಆಗಸ್ಟಿನಲ್ಲಿ ತೋರ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದವು. ಮೂರು ವರ್ಷಗಳ ಈ ಅನುಭವ ರೋಗಿಗಳ ಕಾಲಲೆಕ್ಕವನ್ನೇ ಬದಲಿಸಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಾಂಕವನ್ನು ಆಸ್ಪತ್ರೆ ಕೊಟ್ಟರೆ ಅದನ್ನು ದಿನಾಂಕವೆಂದು ಭಾವಿಸದವರು ಅನೇಕರು.

2020ರ ಮಾರ್ಚ್‌ನಲ್ಲಿ ಮಹಾಮಾರಿಯ ಕಾರಣದಿಂದ ಕರ್ನಾಟಕವು ಕೇರಳದ ಗಡಿಗಳನ್ನು ಮುಚ್ಚಿತು. ಮಾಕುಟ್ಟದ ದಾರಿಗೆ ಮಣ್ಣು ಸುರಿಯಲಾಯಿತು. ತಲಪಾಡಿಯ ಗಡಿಯಲ್ಲಿ ಕಾಸರಗೋಡಿನ ಜನ, ಅವರಲ್ಲಿ ಕನ್ನಡಿಗರೂ, ತಲೆಮಾರುಗಳಿಂದ ನೆಚ್ಚಿದ್ದ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾರದಾದರು. ಸಕಾಲಕ್ಕೆ ಚಿಕಿತ್ಸೆ ದೊರೆಯದೆ ಹಲವರು ಮೃತಪಟ್ಟದ್ದು ವರದಿಯಾಯಿತು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯ ಮಾರ್ಗ ತೆರವಿಗೆ ನಿರ್ದೇಶಿಸಿತು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ರೋಗಿಗಳ ಸಂಚಾರಕ್ಕೆ ನಿಯಮಾವಳಿ ರೂಪಿತವಾಯಿತು. ಆ ನಿಯಮಾವಳಿಯ ಆಶಯ ತುರ್ತು ಚಿಕಿತ್ಸೆ. ದ್ವಾರ ಮುಚ್ಚಿಸಿಕೊಳ್ಳುವ ಶಸ್ತ್ರಚಿಕಿತ್ಸೆಯನ್ನು ಪ್ರಪಂಚದಾದ್ಯಂತ ಮುಂದೂಡಬಹುದಾದವುಗಳ ಪಟ್ಟಿಗೆ ಸೇರಿಸಲಾಗಿತ್ತು. ಗಡಿಯ ಎರಡೂ ಬದಿಯ ಹಳ್ಳಿಗರು ಒಂದೇ ಬಗೆಯಲ್ಲಿ ಕಾದರು.

ಹರಕೆ ಮತ್ತು ಮರುಭೇಟಿ

ದಕ್ಷಿಣ ಕೊಡಗಿನ ದೇವರಕಾಡುಗಳಲ್ಲಿ ಅಯ್ಯಪ್ಪನಿಗೆ ಒಪ್ಪಿಸಿದ ಮಣ್ಣಿನ ನಾಯಿಗಳ ಸಾಲುಗಳನ್ನು ಕಾಣಬಹುದು. ಬಾಡಗರಕೇರಿಯ ಮೃತ್ಯುಂಜಯನಿಗೆ ಪ್ರಾಣಭಯ ಕಳೆಯಲೆಂದು, ಪಾಡಿಯ ಇಗ್ಗುತ್ತಪ್ಪನಿಗೆ ತುಲಾಭಾರದ ಮೂಲಕ ಜನ ಹರಕೆ ಸಲ್ಲಿಸುತ್ತಾರೆ. ಹರಕೆಯ ರಚನೆಯನ್ನು ಗಮನಿಸಿದರೆ ಅದರಲ್ಲಿ ಎರಡು ಹಂತಗಳಿವೆ: ಹೊರುವುದು ಮತ್ತು ತೀರಿಸುವುದು. ಇವೆರಡರ ನಡುವಿನ ಅವಧಿ ಅಪೂರ್ಣ ಕಾಲ. ಹರಕೆ ತೀರಿಸದವರನ್ನು ದೇವರು ಮರೆಯುವುದಿಲ್ಲ ಎಂಬುದು ಜನರ ದೃಢ ನಂಬಿಕೆ. ಕನಸಿನಲ್ಲಿ, ಕಣಿಯಲ್ಲಿ, ಮೈಮೇಲೆ ಬರುವ ದೈವದ ನುಡಿಯಲ್ಲಿ ಬಾಕಿಯ ನೆನಪು ಮರಳುತ್ತದೆ. ಮರೆತವರಿದ್ದರೆ ಒಕ್ಕದ ಹಿರಿಯರು ನೆನಪಿಸುತ್ತಾರೆ. ಸತ್ತವರ ಹರಕೆಯನ್ನು ಮಕ್ಕಳು ತೀರಿಸುತ್ತಾರೆ.

ಎರಡು ಹಂತದ ಶಸ್ತ್ರಚಿಕಿತ್ಸೆಯ ರಚನೆಯೂ ಇಂಥದೇ. ವ್ಯತ್ಯಾಸ ಒಂದೇ: ಇಲ್ಲಿ ಬಾಕಿ ಉಳಿಸಿಕೊಂಡವರು ಯಾರು ಎಂಬುದು ತಲೆಕೆಳಗಾಗಿದೆ. ಹೊಟ್ಟೆಯ ಮೇಲೆ ದ್ವಾರ ನಿರ್ಮಿಸಿದ ಕ್ಷಣದಲ್ಲಿ ಅದನ್ನು ಮುಚ್ಚಿಕೊಡುವ ಮಾತನ್ನು ವೈದ್ಯವ್ಯವಸ್ಥೆ ಕೊಟ್ಟಂತಾಯಿತು. ಆದರೆ ಆ ಮಾತನ್ನು ನೆನಪಿಡುವ ಕೆಲಸವನ್ನು ಪೂರ್ತಿಯಾಗಿ ರೋಗಿಗೆ ವಹಿಸಲಾಗಿದೆ. ಅವನು ಬಾರದಿದ್ದರೆ ‘ಮರುಭೇಟಿಗೆ ಬರಲಿಲ್ಲ’ ಎಂದು ಬರೆಯುತ್ತಾರೆ. ಅಲ್ಲಿಗೆ ಲೆಕ್ಕ ಮುಗಿಯುತ್ತದೆ. ಹರಕೆಯ ಲೋಕದಲ್ಲಿ ಅದು ಮುಗಿಯುವುದಿಲ್ಲ. ನಂಬಿಕೆಯನ್ನು ವೈದ್ಯಕ್ಕೆ ಬದಲಿಯಾಗಿ ಇಡಬೇಕೆಂಬುದು ಈ ಹೋಲಿಕೆಯ ಉದ್ದೇಶವಲ್ಲ. ಬಾಕಿಯನ್ನು ನೆನಪಿಡುವ ಸಾಮುದಾಯಿಕ ಕ್ರಮವೊಂದು ಈ ನೆಲದಲ್ಲಿ ಮೊದಲೇ ಇದೆ ಎಂಬುದನ್ನು ಸೂಚಿಸುವುದಷ್ಟೇ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಎರಡನೆಯ ಶಸ್ತ್ರಚಿಕಿತ್ಸೆಯ ಸಮಸ್ಯೆ ಹಿಂದುಳಿದಿರುವಿಕೆಯ ಫಲವಲ್ಲ. ತಂತ್ರಜ್ಞಾನದ ಮುನ್ನಡೆಯೇ ಅದನ್ನು ಸೃಷ್ಟಿಸಿತು. ದಕ್ಷಿಣ ಕೊಡಗಿನಲ್ಲಿ ದಾರಿ, ಮಳೆ, ರಾಜ್ಯದ ಗಡಿ, ಯೋಜನೆಗಳ ಸ್ಥಿತ್ಯಂತರ ಇವು ಒಂದರ ಮೇಲೊಂದು ಸೇರಿ ಅದನ್ನು ತೀವ್ರಗೊಳಿಸಿದವು. ಭೂಮಿ ಮತ್ತು ಬಂಧುಬಳಗ ಉಳ್ಳವರಿಗೆ ಅದು ವಿಳಂಬವಾಗಿ, ಇಲ್ಲದವರಿಗೆ ಶಾಶ್ವತವಾಗಿ ಪರಿಣಮಿಸಿತು.

ಪರಿಹಾರಗಳು ದೊಡ್ಡವೇನಲ್ಲ. ಎರಡೂ ಶಸ್ತ್ರಚಿಕಿತ್ಸೆಗಳನ್ನು ಒಂದೇ ಅನುಮೋದನೆಯಲ್ಲಿ ಸೇರಿಸುವುದು, ಬಿಡುಗಡೆ ಪತ್ರದಲ್ಲಿ ಮರುಭೇಟಿಯ ತಿಂಗಳನ್ನು ಕನ್ನಡದಲ್ಲಿ ಬರೆದುಕೊಡುವುದು, ಅದರ ಪ್ರತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಬಾಕಿಯೆಂದು ದಾಖಲಿಸುವುದು, ಮಲೆನಾಡಿನ ರೋಗಿಗಳಿಗೆ ಮಳೆಗಾಲದ ಹೊರಗಿನ ದಿನಾಂಕ ಕೊಡುವುದು ಇವೆಲ್ಲ ಸಾಧ್ಯವಿರುವ ಕೆಲಸಗಳು. ಗರ್ಭಿಣಿಯರ, ಕ್ಷಯರೋಗಿಗಳ ಹೆಸರುಗಳನ್ನು ಹಳ್ಳಿಯ ಮಟ್ಟದಲ್ಲಿ ಹೀಗೆ ಬರೆದಿಟ್ಟುಕೊಳ್ಳುವ ಪದ್ಧತಿ ಈಗಾಗಲೇ ಇದೆ.

ಜಾನಪದ ಸಂಶೋಧಕರಿಗೂ ಇಲ್ಲಿ ಕೆಲಸವಿದೆ. ನಾವು ಹಬ್ಬದಲ್ಲಿ ಭಾಗವಹಿಸಿದವರನ್ನು ದಾಖಲಿಸುತ್ತೇವೆ, ಭಾಗವಹಿಸದವರನ್ನು ಕೇಳುವುದಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಲೈನ್‌ಮನೆಯ ಮಹಿಳೆ ಹಾಡಿದ ಹಾಡಿನ ವಿವರ ಎರಡು ಪುಟಗಳಷ್ಟಿದೆ. ಅವರು ಯಾವ ಆಸ್ಪತ್ರೆಗೆ ಯಾವ ತಿಂಗಳು ಮರಳಿ ಹೋಗಬೇಕಾಗಿತ್ತು ಎಂಬುದನ್ನು ಅಂದು ನಾನು ಬರೆದುಕೊಳ್ಳಲಿಲ್ಲ.